ಡಿ.ಪಿ.ಯೊಳಗಿನ ಎಣ್ಣೆ, ಕಾಗದ ಮತ್ತು ಪಿಂಗಾಣಿ

ದುಧನಿಯಿಂದ ಆಳಂದ, ಅಫಜಲಪುರದ ಕಡೆ ಹೊರಟರೆ ಗಡಿ ದಾಟಿದ್ದು ಮಾತಿನಿಂದ ತಿಳಿಯುವುದಿಲ್ಲ. ಹೊಲದಲ್ಲಿ ನಿಂತ ಟ್ರಾನ್ಸ್‌ಫಾರ್ಮರಿಗೆ ಏನೆನ್ನುತ್ತಾರೆ ಎಂಬುದರಿಂದ ತಿಳಿಯುತ್ತದೆ. ನಾವು ಡಿ.ಪಿ. ಎನ್ನುತ್ತೇವೆ, ಆಚೆಯವರು ಟಿ.ಸಿ. ಎನ್ನುತ್ತಾರೆ. ಹೆಸರು ಏನೇ ಇರಲಿ, ಹಿಂಗಾರಿ ಜೋಳಕ್ಕೆ ನೀರು ಬಿಡುವ ಹೊತ್ತಿನಲ್ಲಿ ಅದು ಸುಟ್ಟರೆ ಎರಡೂ ಕಡೆಯ ರೈತರು ತಲೆಗೆ ಕೈ ಹಚ್ಚಿಕೊಂಡು ಕೂಡುತ್ತಾರೆ. ಮೋಟಾರು, ಹಿಟ್ಟಿನ ಗಿರಣಿ, ಹತ್ತನೇ ತರಗತಿಯ ಮಕ್ಕಳ ಓದು ಎಲ್ಲವೂ ನಿಲ್ಲುತ್ತವೆ.

ಹಾಗಾದರೆ ಸುಟ್ಟದ್ದು ಏನು? ತಂತಿಗಿಂತ ಮೊದಲು ಹಾಳಾಗುವುದು ತಂತಿಗೆ ಸುತ್ತಿದ ಕಾಗದ ಮತ್ತು ಸುತ್ತಲಿನ ಎಣ್ಣೆ. 11,000 ವೋಲ್ಟ್ ಒಂದು ಸುರುಳಿಗೆ ಬಂದು, ಪಕ್ಕದ ಸುರುಳಿಯಿಂದ 433 ವೋಲ್ಟ್ ಆಗಿ ಹೊರಬರುತ್ತದೆ. ಇವೆರಡರ ನಡುವಿನ ಕಾವಲುಗಾರರು ಈ ಎಣ್ಣೆ, ಕಾಗದಗಳೇ.

1885ರಲ್ಲಿ ಬುಡಾಪೆಸ್ಟಿನ ಗಾಂಜ್ ಕಾರ್ಖಾನೆಯ ಜಿಪರ್ನೋವ್ಸ್ಕಿ, ಬ್ಲಾಥಿ, ಡೇರಿ ಎಂಬ ಮೂವರು ಟ್ರಾನ್ಸ್‌ಫಾರ್ಮರಿಗೆ ಬಳಕೆಯ ರೂಪ ಕೊಟ್ಟರು. ಮುಂದೆ ವೋಲ್ಟೇಜು ಏರಿದಂತೆ ಬರೀ ಗಾಳಿ ಸಾಲದಾಯಿತು. ಇಡೀ ಯಂತ್ರವನ್ನೇ ಎಣ್ಣೆಯಲ್ಲಿ ಮುಳುಗಿಸುವ ಪದ್ಧತಿ 1890ರ ದಶಕದಲ್ಲಿ ಬಲವಾಯಿತು. ಎಣ್ಣೆ ವಿದ್ಯುತ್ತನ್ನು ತಡೆಯುತ್ತದೆ, ಜೊತೆಗೆ ಕಾವನ್ನೂ ಹೊರಗೆ ಸಾಗಿಸುತ್ತದೆ.

ಕನ್ನಡ ನಾಡಿಗೆ ಈ ವಿದ್ಯೆ ಬೇಗನೇ ಬಂತು. 1902ರ ಜೂನ್ 30ರಂದು ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಅಷ್ಟು ದೂರ ಸಾಗಿಸಲು ಅದನ್ನು ಸುಮಾರು 35,000 ವೋಲ್ಟಿಗೆ ಏರಿಸಬೇಕಾಯಿತು. ಯಂತ್ರಗಳು ಬಂದದ್ದು ಅಮೆರಿಕ, ಯುರೋಪುಗಳಿಂದ. ಆಗ ನಮ್ಮ ಅಕ್ಕಲಕೋಟ ಇನ್ನೂ ಭೋಸಲೆ ಅರಸರ ಸಂಸ್ಥಾನ! ಮುಂದೆ 1930ರ ದಶಕದಲ್ಲಿ ಮೈಸೂರು ಸರಕಾರ ಬೆಂಗಳೂರಿನಲ್ಲಿ ಪಿಂಗಾಣಿ ಕಾರ್ಖಾನೆ ತೆರೆದು, ಕಂಬದ ಮೇಲಿನ ಬಿಳಿ, ಕಂದು ನಿರೋಧಕಗಳನ್ನು ಇಲ್ಲಿಯೇ ಮಾಡತೊಡಗಿತು. ಅದೇ ದಶಕದಲ್ಲಿ ಸರಕಾರಿ ವಿದ್ಯುತ್ ಕಾರ್ಖಾನೆಯೂ ಹುಟ್ಟಿತು. ಇಂದಿನ ಕವಿಕಾ ಅದೇ. ಮಣ್ಣು ಸುಟ್ಟು ಮಾಡುವ ಕುಂಬಾರರ ಕಸುಬಿನ ದೊಡ್ಡ ತಮ್ಮನೇ ಈ ಪಿಂಗಾಣಿ ಎಂದರೆ ಮಕ್ಕಳಿಗೆ ಚಟ್ಟನೆ ತಿಳಿಯುತ್ತದೆ.

ಎಣ್ಣೆಯ ಇತಿಹಾಸದಲ್ಲಿ ಒಂದು ಕೆಟ್ಟ ಅಧ್ಯಾಯವೂ ಇದೆ. ಖನಿಜ ಎಣ್ಣೆಗೆ ಬೆಂಕಿ ಹತ್ತುವ ಭಯವಿದ್ದುದರಿಂದ, 1929ರಿಂದ ಅಮೆರಿಕದಲ್ಲಿ ತಯಾರಾದ ಪಿ.ಸಿ.ಬಿ. ಎಂಬ ರಾಸಾಯನಿಕವನ್ನು ಕೆಲವು ಟ್ರಾನ್ಸ್‌ಫಾರ್ಮರುಗಳಿಗೆ ತುಂಬಿದರು. ಅದು ಸುಲಭವಾಗಿ ಉರಿಯುವುದಿಲ್ಲ, ನಿಜ. ಆದರೆ ನೆಲದಲ್ಲಿ, ದೇಹದಲ್ಲಿ ಕರಗದೆ ಉಳಿಯುವ ವಿಷ. 1968ರಲ್ಲಿ ಜಪಾನಿನಲ್ಲಿ ಅದು ಅಡುಗೆಯ ತೌಡಿನ ಎಣ್ಣೆಗೆ ಬೆರೆತು ಸಾವಿರಾರು ಜನ ಕಾಯಿಲೆ ಬಿದ್ದರು. ನಮ್ಮ ದೇಶವೂ 2016ರಲ್ಲಿ ಅದರ ತಯಾರಿಕೆ, ಆಮದನ್ನು ನಿಷೇಧಿಸಿತು. ಕೀಲುನೋವಿಗೆ ಡಿ.ಪಿ. ಎಣ್ಣೆ ಹಚ್ಚಿಕೊಳ್ಳುವವರು ಇನ್ನೂ ಇದ್ದಾರೆ. ದಯವಿಟ್ಟು ಹಚ್ಚಬೇಡಿ. ಹಳೆಯ ಎಣ್ಣೆಯಲ್ಲಿ ಏನಿದೆ ಎಂದು ಕಣ್ಣಿನಿಂದ ಹೇಳಲಾಗದು.

ಇನ್ನು ನಮ್ಮ ಕಡೆ. 1960ರ ಜೂನಿನಲ್ಲಿ ಮಹಾರಾಷ್ಟ್ರ ರಾಜ್ಯ ವಿದ್ಯುತ್ ಮಂಡಳಿ ಆಯಿತು. 2005ರಲ್ಲಿ ಅದು ಒಡೆದು ವಿತರಣೆ ಮಹಾವಿತರಣದ ಪಾಲಿಗೆ ಬಂತು. ಭಾರನಿಯಮನದ ಆ ವರ್ಷಗಳನ್ನು ಯಾರು ಮರೆತಾರು! ಕರೆಂಟು ಬಂದ ಕೂಡಲೆ ಆಟೋ ಸ್ಟಾರ್ಟರಿನ ಎಲ್ಲ ಮೋಟಾರುಗಳೂ ಒಮ್ಮೆಗೇ ಎದ್ದು ಡಿ.ಪಿ.ಯ ಮೇಲೆ ಬೀಳುತ್ತವೆ. ಫ್ಯೂಜಿಗೆ ದಪ್ಪ ತಂತಿ ಕಟ್ಟಿದರೆ ಅದು ಕರಗುವುದಿಲ್ಲ, ಒಳಗಿನ ಕಾಗದ ಕರಕಲಾಗುತ್ತದೆ. ಕಾವು ಸುಮಾರು 6 ಡಿಗ್ರಿ ಹೆಚ್ಚಿದರೆ ಕಾಗದದ ಆಯುಷ್ಯ ಅರ್ಧಕ್ಕಿಳಿಯುತ್ತದೆ ಎಂಬುದು ತಜ್ಞರ ಲೆಕ್ಕ. ನಮ್ಮ ಸೊಲ್ಲಾಪುರದ ಬಿಸಿಲೋ, 40 ದಾಟುವುದು ಪ್ರತಿವರ್ಷದ ಮಾತು.

ಎರಡನೆಯ ವೈರಿ ತೇವ. ಹಗಲು ಕಾದ ಎಣ್ಣೆ ಹಿಗ್ಗಿ ಗಾಳಿಯನ್ನು ಹೊರದಬ್ಬುತ್ತದೆ, ರಾತ್ರಿ ತಣಿದು ಒಳಗೆಳೆಯುತ್ತದೆ. ಗಾಳಿಯೊಡನೆ ಮಳೆಗಾಲದ ತೇವವೂ ಒಳಸೇರುತ್ತದೆ. ಶುದ್ಧ ಮಾಡಿದ ಹೊಸ ಎಣ್ಣೆ 2.5 ಮಿ.ಮೀ. ಅಂತರದಲ್ಲಿ ಹತ್ತಾರು ಸಾವಿರ ವೋಲ್ಟ್ ತಾಳಬೇಕೆಂದು ಭಾರತೀಯ ಮಾನಕ ಹೇಳುತ್ತದೆ. ಚೂರು ನೀರು ಸೇರಿದರೂ ಆ ಶಕ್ತಿ ಬಹಳ ಕುಸಿಯುತ್ತದೆ. ಎಣ್ಣೆ ಕಳುವಾದ ಡಿ.ಪಿ.ಯ ಗತಿ ಹೇಳಲೇಬೇಕಾಗಿಲ್ಲ.

2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರದ ನಡುವಿನ 765 ಕಿಲೋವೋಲ್ಟ್ ತಂತಿಯಲ್ಲಿ ವಿದ್ಯುತ್ತು ಹರಿದು, ದಕ್ಷಿಣದ ಜಾಲ ದೇಶದ ಉಳಿದ ಜಾಲಕ್ಕೆ ಜೋಡಣೆಯಾಯಿತು. ಗಡಿಯ ಈಚೆ-ಆಚೆಯ ಕನ್ನಡಿಗರ ನಾಡಿನ ಮೇಲೆಯೇ ಆ ಬೆಸುಗೆ ಬಿತ್ತೆಂಬುದು ನಮಗೊಂದು ಖುಷಿ. ಅಂಥ ತಂತಿಯ ತುದಿಯಲ್ಲಿರುವ ದೈತ್ಯ ಟ್ರಾನ್ಸ್‌ಫಾರ್ಮರುಗಳಲ್ಲಿಯೂ ಕಾವಲಿಗಿರುವುದು ಅದೇ ಎಣ್ಣೆ, ಅದೇ ಕಾಗದ.

ಕೆಲವು ಡಿ.ಪಿ.ಗಳ ಪಕ್ಕದಲ್ಲಿ ಗಾಜಿನ ಸಣ್ಣ ಡಬ್ಬಿ ತೂಗುತ್ತದೆ. ಅದರೊಳಗಿನ ನೀಲಿ ಹರಳುಗಳು ತೇವ ಹೀರಿದಂತೆ ಗುಲಾಬಿಯಾಗುತ್ತವೆ. ಮಕ್ಕಳು ಬೇಲಿಯ ಹೊರಗೆ, ದೂರದಲ್ಲಿಯೇ ನಿಂತು ಆ ಬಣ್ಣ ನೋಡಬಹುದು. ಗುಲಾಬಿ ಕಂಡರೆ ವಾಯರಮನ್ ಅವರಿಗೆ ತಿಳಿಸಲು ಮನೆಯ ಹಿರಿಯರಿಗೆ ಹೇಳಲಿ.