ರಾಜ್ಯಘಟನೆಯಲ್ಲಿ ದೇವರ ನಾಮ

ಭಾರತದ ರಾಜ್ಯಘಟನೆಯನ್ನು ರಚಿಸಿದ ಸಭೆಯಲ್ಲಿ ಧರ್ಮಕ್ಕೂ ರಾಜ್ಯಾಡಳಿತಕ್ಕೂ ಇರತಕ್ಕ ಸಂಬಂಧವು ಹಲವು ಸಲ ಚರ್ಚೆಗೆ ಬಂದಿತು. ಪತ್ರಿಕಾ ಸಂಪಾದಕರಾಗಿದ್ದವರೂ, ನಾನಾ ಶಾಸ್ತ್ರಗಳಲ್ಲಿ ಪಾರಂಗತರಾದ ಪಂಡಿತರೂ ಅಲ್ಲಿದ್ದರು. ಅವರ ನಿರ್ಣಯಗಳ ಫಲವು ದೇಶದ ಪ್ರತಿಯೊಂದು ಮಠಕ್ಕೂ ತಟ್ಟಿರುವದರಿಂದ ಆ ವೃತ್ತಾಂತವು ಸದ್ಭಕ್ತರು ಅರಿತಿರತಕ್ಕುದಾಗಿದೆ.

1948ನೆಯ ಇಸವಿಯ ನವೆಂಬರ 15ರಂದು ಅರ್ಥಶಾಸ್ತ್ರಜ್ಞ ಕೆ. ಟಿ. ಶಹಾ ಅವರು ಒಂದನೆಯ ಕಲಮಿನಲ್ಲಿಯೇ ‘ಧರ್ಮನಿರಪೇಕ್ಷ’ವೆಂಬ ಪದವನ್ನು ಸೇರಿಸಬೇಕೆಂದರು. ಡಾ. ಅಂಬೇಡಕರರು ಒಪ್ಪಲಿಲ್ಲ, ಸೂಚನೆಯು ಬಿದ್ದುಹೋಯಿತು. ಆ ಪದವು ಪೀಠಿಕೆಗೆ ಬಂದುದು 1976ರ ತಿದ್ದುಪಡಿಯಿಂದ. ಡಿಸೆಂಬರದಲ್ಲಿ ಧರ್ಮಸ್ವಾತಂತ್ರ್ಯದ ಕಲಮು ಚರ್ಚೆಗೆ ಬಂದಾಗ, ಹಿಂದೆ ಸಂಪಾದಕರಾಗಿದ್ದ ಕೆ. ಸಂತಾನಂ ಅವರು, ಧರ್ಮದ ಹೆಸರಿನಲ್ಲಿ ಏನನ್ನಾದರೂ ಮಾಡಬಹುದೆಂಬ ಭಾವನೆಗೆ ಈ ಕಲಮು ಕಟ್ಟುಹಾಕುತ್ತದೆಂಬುದನ್ನು ಮನಗಾಣಿಸಿದರು.

ಅದೇ ಚರ್ಚೆಯಲ್ಲಿ, ಮಂಗಳೂರಿನಲ್ಲಿ ಜನಿಸಿದ ಹರಿ ವಿಷ್ಣು ಕಾಮತರು, ರಾಜ್ಯವು ಯಾವ ಒಂದು ಮತವನ್ನೂ ಸ್ಥಾಪಿಸಕೂಡದು, ಪೋಷಿಸಕೂಡದು ಎಂದು ವಾದಿಸಿದರು. ಅಶೋಕನ ರಾಜಾಶ್ರಯವೇ ಕೊನೆಗೆ ಬೌದ್ಧಧರ್ಮಕ್ಕೆ ಈ ನೆಲದಲ್ಲಿ ಮುಳುವಾಯಿತೆಂಬುದು ಅವರ ದೃಷ್ಟಾಂತ. ಅಶೋಕನ ತರುವಾಯ ಸಾವಿರ ವರ್ಷಕ್ಕೂ ಮಿಕ್ಕಿ ಆ ಧರ್ಮವು ಇಲ್ಲಿ ಬಾಳಿದುದನ್ನು ನೆನೆದರೆ ಈ ದೃಷ್ಟಾಂತವು ನಿಲ್ಲುವದು ಕಷ್ಟ.

ಇದೇ ಕಾಮತರು 1949ರ ಅಕ್ಟೋಬರ 17ರಂದು ಪೀಠಿಕೆಯು ‘ದೇವರ ಹೆಸರಿನಲ್ಲಿ’ ಎಂದು ಆರಂಭವಾಗಬೇಕೆಂಬ ಸೂಚನೆಯನ್ನು ತಂದರು! ಮತವೊಂದಕ್ಕೆ ರಾಜಾಶ್ರಯ ಬೇಡವೆಂಬುದೂ, ದೇವರನ್ನು ಸ್ಮರಿಸಬೇಕೆಂಬುದೂ ಅವರಿಗೆ ಪರಸ್ಪರ ವಿರುದ್ಧವಾಗಿ ತೋರಲಿಲ್ಲ. ಇದನ್ನು ವಿರೋಧಿಸಿದವರೆಲ್ಲ ನಾಸ್ತಿಕರೆಂದು ತಿಳಿಯುವದು ತಪ್ಪು. ಪಟ್ಟಂ ಥಾಣು ಪಿಳ್ಳೆಯವರು ತಾವು ಆಸ್ತಿಕರೆಂದು ಹೇಳಿಕೊಂಡೇ, ನಂಬುವ ಹಾಗೂ ನಂಬದಿರುವ ಹಕ್ಕು ಎಲ್ಲರಿಗೂ ಇರುವಾಗ ಇದು ಬಲಾತ್ಕಾರವಾಗುವದೆಂದರು. ಪಂಡಿತ ಹೃದಯನಾಥ ಕುಂಜ್ರೂ ಅವರು, ಅಂತರಂಗದ ಪವಿತ್ರ ಭಾವನೆಯನ್ನು ವಾದದ ಕಣಕ್ಕೆ ಎಳೆದುದಕ್ಕಾಗಿ ವ್ಯಥೆಪಟ್ಟರು; ನಂಬುಗೆಯ ಸ್ವಾತಂತ್ರ್ಯವನ್ನು ಸಾರುವ ಪೀಠಿಕೆಯೇ ಒಂದು ನಂಬುಗೆಯನ್ನು ಹೇರುವದು ಹೇಗೆಂದು ಕೇಳಿದರು. ದೇವರನ್ನು ಬಹುಮತ ಅಲ್ಪಮತಗಳ ವಿಷಯವಾಗಿಸಬೇಡಿರೆಂದು ಪೂರ್ಣಿಮಾ ಬ್ಯಾನರ್ಜಿಯವರು ಬೇಡಿಕೊಂಡರು. ಕಾಮತರು ಹಿಂದೆಗೆಯಲಿಲ್ಲ. ಕೈಯೆತ್ತಿ ಎಣಿಸಲಾಗಿ ಪರವಾಗಿ 41, ವಿರುದ್ಧವಾಗಿ 68. ಹೀಗಿದ್ದೂ ರಾಷ್ಟ್ರಪತಿಗಳ ಪ್ರಮಾಣವಚನದಲ್ಲಿ ದೇವರ ಹೆಸರು ಉಳಿಯಿತು. ಬೇಡವಾದವರು ದೃಢವಚನವನ್ನು ಹೇಳಬಹುದು.

ಮಾತಿನ ಮಟ್ಟದ ಈ ಚರ್ಚೆಯು ಮಠದ ಹೊಸ್ತಿಲಿಗೆ ಬಂದುದು 1954ರಲ್ಲಿ. ಮದ್ರಾಸ ಸರಕಾರದ 1951ರ ಧರ್ಮಾದಾಯ ಕಾಯದೆಯ ಸಂಬಂಧದಲ್ಲಿ ಉಡುಪಿಯ ಶೀರೂರು ಮಠದ ಸ್ವಾಮಿಗಳು ಹೂಡಿದ ವ್ಯಾಜ್ಯವು ಸುಪ್ರೀಂ ಕೋರ್ಟಿಗೆ ಹೋಯಿತು. ತೀರ್ಪನ್ನು ಬರೆದ ನ್ಯಾಯಮೂರ್ತಿ ಬಿ. ಕೆ. ಮುಖರ್ಜಿಯವರು ಧಾರ್ಮಿಕ ದತ್ತಿಗಳ ಶಾಸ್ತ್ರದಲ್ಲಿ ಪ್ರಮಾಣಭೂತ ಗ್ರಂಥವನ್ನು ರಚಿಸಿದ ವಿದ್ವಾಂಸರು. ಮಠಾಧಿಪತಿಯು ಬರಿಯ ಆಸ್ತಿಯ ಮೇಲ್ವಿಚಾರಕನಲ್ಲ, ಗುರುವೆಂಬುದನ್ನು ಅವರು ಎತ್ತಿಹಿಡಿದರು. ಅಧಿಕಾರಿಗಳು ಮಠದೊಳಗೆ ತಡೆಯಿಲ್ಲದೆ ಪ್ರವೇಶಿಸಬಹುದೆಂಬ ಕಲಮು ರದ್ದಾಯಿತು. ಮಠದಿಂದ ವಸೂಲು ಮಾಡಬೇಕೆಂದಿದ್ದ ವಂತಿಗೆಯೂ ಹೋಯಿತು. ಆದರೆ ಆಸ್ತಿಯ ಆಡಳಿತವನ್ನು ಕಾಯದೆಯು ನಿಯಂತ್ರಿಸಬಹುದೆಂದೂ ಅದೇ ತೀರ್ಪು ಹೇಳಿತು. ಧರ್ಮದ ಅವಶ್ಯಕ ಅಂಗವಾವುದೆಂಬುದನ್ನು ಆಯಾ ಧರ್ಮದ ಸಿದ್ಧಾಂತದಿಂದಲೇ ತಿಳಿಯಬೇಕೆಂದು ಅದು ವಿಧಿಸಿತು. ಆ ಬಳಿಕ ಎಷ್ಟೋ ವ್ಯಾಜ್ಯಗಳಲ್ಲಿ ನ್ಯಾಯಾಧೀಶರು ಆಗಮಗಳನ್ನೂ ಶಾಸ್ತ್ರಗ್ರಂಥಗಳನ್ನೂ ತಾವೇ ತೆರೆದು ಓದಬೇಕಾಗಿ ಬಂದಿದೆ.