ಕಿತ್ತೂರು ಸಂಸ್ಥಾನದ ಪತನ: ಕಡತ ಮತ್ತು ಜನಪದ ಸ್ಮೃತಿ

ವಸಾಹತು ಆಡಳಿತದ ವಿಸ್ತರಣೆಯನ್ನು ಯುದ್ಧಗಳ ಚರಿತ್ರೆಯಾಗಿಯೇ ಓದುವ ಪರಿಪಾಠ ಬಲವಾಗಿದೆ. ಕಿತ್ತೂರಿನ ಪ್ರಸಂಗದಲ್ಲಿ ಯುದ್ಧಕ್ಕೂ ಮೊದಲು ಪ್ರಶ್ನೆಗೊಳಗಾದುದು ದತ್ತಕದ ಹಕ್ಕು. 1818ರಲ್ಲಿ ಪೇಶ್ವೆಯ ಆಳ್ವಿಕೆ ಕೊನೆಗೊಂಡಾಗ ಕಿತ್ತೂರಿನ ದೇಸಾಯಿಗಳು ಕಂಪನಿಯ ಪಕ್ಷದಲ್ಲಿದ್ದರು. ವಾರ್ಷಿಕ ಕಪ್ಪದ ಷರತ್ತಿನ ಮೇಲೆ ಅವರ ಸಂಸ್ಥಾನ ಉಳಿಯಿತು. ಈ ಷರತ್ತೇ ಮುಂದಿನ ಹಸ್ತಕ್ಷೇಪಕ್ಕೆ ದಾರಿಯಾಯಿತು.

1824ರ ಸೆಪ್ಟೆಂಬರಿನಲ್ಲಿ ಶಿವಲಿಂಗರುದ್ರಸರ್ಜ ಸಂತಾನವಿಲ್ಲದೆ ತೀರಿಕೊಂಡನು. ಧಾರವಾಡದ ಕಲೆಕ್ಟರ್ ಥ್ಯಾಕರೆ ದತ್ತಕವನ್ನು ಸಂಶಯಿಸಿ ಖಜಾನೆಗೆ ಮೊಹರು ಹಾಕಿಸಿದನು. ದೇಶೀಯ ರೂಢಿಯಲ್ಲಿ ದತ್ತಕವು ಮನೆತನ ಮತ್ತು ಧರ್ಮಶಾಸ್ತ್ರಕ್ಕೆ ಸೇರಿದ ವಿಷಯ. ಕಂಪನಿಯ ದೃಷ್ಟಿಯಲ್ಲಿ ಅದಕ್ಕೆ ಅಧಿರಾಜನ ಒಪ್ಪಿಗೆ ಬೇಕಿತ್ತು. 1848ರ ನಂತರ ಡಾಲ್‌ಹೌಸಿಯ ಹೆಸರಿನಲ್ಲಿ ಪ್ರಸಿದ್ಧವಾದ ನೀತಿಯ ಪೂರ್ವರೂಪ ಇಲ್ಲಿದೆ.

ಅಕ್ಟೋಬರ್ 23ರ ಕದನದಲ್ಲಿ ಥ್ಯಾಕರೆ ಹತನಾದನು. ಸ್ಟೀವನ್‌ಸನ್ ಮತ್ತು ವಾಲ್ಟರ್ ಎಲಿಯಟ್ ಸೆರೆಯಾದರು. ಸೆರೆಯಾಳುಗಳು ಸುರಕ್ಷಿತವಾಗಿ ಬಿಡುಗಡೆ ಹೊಂದಿದರೂ ಡಿಸೆಂಬರಿನಲ್ಲಿ ಕಂಪನಿಯ ದೊಡ್ಡ ಸೈನ್ಯ ಕೋಟೆಯನ್ನು ವಶಪಡಿಸಿಕೊಂಡಿತು. ರಾಣಿ ಚೆನ್ನಮ್ಮ ಬೈಲಹೊಂಗಲದ ಬಂಧನದಲ್ಲಿಯೇ 1829ರಲ್ಲಿ ಮೃತಳಾದಳು. ಸೆರೆಯಿಂದ ಪಾರಾದ ಎಲಿಯಟ್ ಮುಂದೆ ಕನ್ನಡ ಶಾಸನಗಳ ಸಂಗ್ರಾಹಕನಾಗಿ ಹೆಸರಾದುದು ಇತಿಹಾಸದ ವೈಚಿತ್ರ್ಯ.

ಕಡತಗಳಲ್ಲಿ ಸಂಸ್ಥಾನದ ಕಥೆ ಕೋಟೆಯೊಡನೆ ಮುಗಿಯುತ್ತದೆ. ಹಳ್ಳಿಗಳಲ್ಲಿ ಅದು ಆಗ ತಾನೆ ಆರಂಭವಾಗಿತ್ತು. ಊರ ಕಾವಲಿನ ಸೇವೆಗಾಗಿ ಭೂಮಿ ಪಡೆದಿದ್ದ ಶೇತ್‌ಸನದಿಗಳಿಗೆ ಹೊಸ ಕಂದಾಯ ವ್ಯವಸ್ಥೆಯಲ್ಲಿ ಹೊಲವೂ ಹೋಯಿತು, ಊರಿನಲ್ಲಿದ್ದ ಮಾನವೂ ಹೋಯಿತು. ಸಂಗೊಳ್ಳಿಯ ರಾಯಣ್ಣ ಈ ವರ್ಗದವನು. ಅವನ ಬಂಡಾಯವು ಸರಕಾರಿ ಕಚೇರಿಗಳನ್ನೂ ಅಲ್ಲಿನ ದಾಖಲೆಗಳನ್ನೂ ಸುಟ್ಟುದರ ಅರ್ಥ ಇಲ್ಲಿದೆ: ಹೊಲ ಯಾರದೆಂದು ನಿರ್ಧರಿಸುವ ಅಧಿಕಾರ ಊರ ಮಾತಿನಿಂದ ಕಾಗದಕ್ಕೆ ಜಾರಿತ್ತು. 1831ರಲ್ಲಿ ಅವನನ್ನು ನಂದಗಡದಲ್ಲಿ ಗಲ್ಲಿಗೇರಿಸಲಾಯಿತು.

ರಾಯಣ್ಣನ ಕುರಿತ ಲಾವಣಿಯನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಸಂಗ್ರಹಿಸಿ ಪ್ರಕಟಿಸಿದವನು ಬ್ರಿಟಿಷ್ ಅಧಿಕಾರಿ ಜೆ.ಎಫ್. ಫ್ಲೀಟ್. ಆಡಳಿತವು ದಂಗೆಕೋರನೆಂದು ಗಲ್ಲಿಗೇರಿಸಿದವನನ್ನು ಜನ ಹಾಡಿನಲ್ಲಿ ಉಳಿಸಿಕೊಂಡಿದ್ದರು. ನಂದಗಡದ ಅವನ ಸಮಾಧಿಯ ಬಳಿಯ ಆಲದ ಮರಕ್ಕೆ ಮಕ್ಕಳಾಗಲೆಂದು ಹರಕೆ ಹೊತ್ತವರು ತೊಟ್ಟಿಲು ಕಟ್ಟುತ್ತಾರೆ. ವಾರಸುದಾರನಿಲ್ಲವೆಂಬ ಕಾರಣ ನೀಡಿ ಸಂಸ್ಥಾನವನ್ನು ಕಸಿದುಕೊಂಡ ನಾಡಿನಲ್ಲಿ ಈ ಆಚರಣೆಯನ್ನು ಕೇವಲ ನಂಬಿಕೆಯೆಂದು ಬದಿಗಿಡಲಾಗದು. ಕಿತ್ತೂರಿನ ಚರಿತ್ರೆಯ ಪುನಾರಚನೆಗೆ ಅದೂ ಒಂದು ಆಕರ.