ಮನೆ ಧ್ವನಿಮುದ್ರಣ: ಗಣಕಯಂತ್ರದ ಜೋಪಾನ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಸೀಮೆಯ ಗೀಗೀ ಪದ, ಬೀಸುವ ಪದ, ಪಾರಿಜಾತದ ಹಾಡುಗಳನ್ನು ಮನೆಯ ಗಣಕಯಂತ್ರದಲ್ಲೇ ಮುದ್ರಿಸಿಕೊಳ್ಳಬಹುದು. ಆದರೆ ಹಿರಿಯ ಹಾಡುಗಾರರ ಧ್ವನಿ ಒಮ್ಮೆ ಅಳಿದರೆ ಮರಳಿ ದೊರೆಯದು.

ಬಹುತೇಕ ಧ್ವನಿಮುದ್ರಣ ತಂತ್ರಾಂಶಗಳಲ್ಲಿ ಪ್ರಾಜೆಕ್ಟ್ ಕಡತವು ಜೋಡಣೆಯ ವಿವರವನ್ನಷ್ಟೇ ಹೊಂದಿರುತ್ತದೆ. ಧ್ವನಿಯು ಬೇರೆ ಕಡತಗಳಲ್ಲಿರುತ್ತದೆ. ಆದ್ದರಿಂದ ಇಡೀ ಫೋಲ್ಡರನ್ನೇ ನಕಲು ಮಾಡಬೇಕು. 48 ಕಿಲೋಹರ್ಟ್ಸ್, 24 ಬಿಟ್ ಸ್ಟೀರಿಯೊ ಮುದ್ರಣದ ಒಂದು ಗಂಟೆಗೆ ಸುಮಾರು 1 ಗಿಗಾಬೈಟ್ ಸ್ಥಳ ಬೇಕಾಗುತ್ತದೆ. 3 ಪ್ರತಿಗಳಿದ್ದು, ಒಂದು ಬೇರೆ ಊರಿನಲ್ಲಿರುವುದು ಕ್ಷೇಮ.

ಹಠಾತ್ ವಿದ್ಯುತ್ ಕಡಿತಕ್ಕೆ ಯುಪಿಎಸ್ ಅವಶ್ಯ. ಬೇಸಿಗೆಗೆ ಮುನ್ನ ಯಂತ್ರದೊಳಗಿನ ಫ್ಯಾನಿನ ಧೂಳು ತೆಗೆಯಬೇಕು. ಮುದ್ರಣ ಮುಗಿಯುವವರೆಗೆ ತಂತ್ರಾಂಶದ ನವೀಕರಣ ಸಲ್ಲದು. ನಕಲನ್ನು ತೆರೆದು, ಕೇಳಿ ನೋಡಿದ ಬಳಿಕವೇ ಕೆಲಸ ಪೂರ್ಣಗೊಂಡಂತೆ.